ಪಾಲಿಕೆಯ ಕನ್ನಡ ಶಾಲೆಯಿಂದ ಪಾಲಿಕೆಯ ದಂತ ಕಾಲೇಜಿಗೆ: ಒಂದು ಮನವಿ

ಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರ ಪಾಲಿಕೆ,
ಫೋರ್ಟ್, ಮುಂಬಯಿ.

ವಿಷಯ: ಕನ್ನಡ ಮಾಧ್ಯಮದ ಮಕ್ಕಳ ಬಿಡಿಎಸ್ (ದಂತ ವೈದ್ಯಕೀಯ ಪದವಿ) ಪ್ರವೇಶ ಹಾಗೂ ವ್ಯಾಸಂಗಕ್ಕೆ ನೆರವು ಕೋರಿ.

ಮಾನ್ಯರೇ,

ಮುಂಬಯಿ ನಗರ ಮತ್ತು ಉಪನಗರಗಳ ಕನ್ನಡ ಶಾಲೆಗಳ ಪೋಷಕರು, ಹಳೆ ವಿದ್ಯಾರ್ಥಿಗಳು ಮತ್ತು ದಂತ ವೈದ್ಯಕೀಯ ಓದುತ್ತಿರುವ ಕನ್ನಡಿಗರಾದ ನಾವು ವಿನಂತಿಸಿಕೊಳ್ಳುವುದೇನೆಂದರೆ:

ಕನ್ನಡ ಶಾಲೆಗಳನ್ನು ನಡೆಸುವುದೂ ಪಾಲಿಕೆಯೇ, ಮುಂಬಯಿ ಸೆಂಟ್ರಲ್‌ನಲ್ಲಿ 1933ರಲ್ಲಿ ಆರಂಭವಾದ ನಾಯರ್ ಆಸ್ಪತ್ರೆ ದಂತ ಮಹಾವಿದ್ಯಾಲಯವನ್ನು ನಡೆಸುವುದೂ ಪಾಲಿಕೆಯೇ. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಪಾಠ ಹೇಳಿಸುವ ಔದಾರ್ಯಕ್ಕೆ ನಾವು ಋಣಿಗಳು. ಆದರೆ ಒಬ್ಬರೇ ಯಜಮಾನರ ಈ ಎರಡು ಮನೆಗಳ ನಡುವೆ ನಮ್ಮ ಮಕ್ಕಳಿಗೆ ಓಡಾಡುವ ದಾರಿಯಿಲ್ಲ.

ನಾವು ಮೀಸಲಾತಿ ಕೇಳುತ್ತಿಲ್ಲ, ಅಂಕಗಳ ಸಡಿಲಿಕೆಯೂ ಬೇಡ. ಬಿಡಿಎಸ್‌ಗೆ ನೀಟ್ ಪ್ರವೇಶ ಪರೀಕ್ಷೆಯೊಂದೇ ಬಾಗಿಲು, ರಾಜ್ಯದ ಕೋಟಾದ ಸೀಟುಗಳನ್ನು ಹಂಚುವುದು ಸಿಇಟಿ ಸೆಲ್ ಎಂಬುದು ನಮಗೆ ತಿಳಿದಿದೆ. ತೊಡಕು ಇರುವುದು ಆ ಬಾಗಿಲಿಗೆ ತಲುಪುವ ಮುಂಚೆ. ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಹುಡುಗಿ ಜೂನಿಯರ್ ಕಾಲೇಜಿಗೆ ಕಾಲಿಟ್ಟ ದಿನದಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ಹೋಟೆಲಿನಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವ ಅಪ್ಪನಿಗೆ ಕೋಚಿಂಗ್ ಕ್ಲಾಸಿನ ಶುಲ್ಕ ಕಟ್ಟುವುದು ಕನಸಿನ ಮಾತು. ಭಾಷೆಗೆ ಒಗ್ಗಿಕೊಳ್ಳುವಷ್ಟರಲ್ಲಿ ಎರಡು ವರ್ಷ ಮುಗಿದಿರುತ್ತದೆ. ಆದ್ದರಿಂದ ಎಂಟನೆಯ ತರಗತಿಯಿಂದಲೇ ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಕನ್ನಡ–ಇಂಗ್ಲಿಷ್ ಎರಡರಲ್ಲೂ ಹೆಚ್ಚುವರಿ ತರಗತಿ ನಡೆಸಬೇಕು; ಮುಂದೆ ಅದೇ ಮಕ್ಕಳಿಗೆ ಉಚಿತ ನೀಟ್ ತರಬೇತಿ ಕೊಡಿಸಬೇಕು. ಶಾಲೆ ಬಿಟ್ಟ ಮೇಲೆ ಸಂಜೆ ಖಾಲಿ ಬೀಳುವ ಕೊಠಡಿಗಳೇ ಸಾಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಮಕ್ಕಳು ನಾವು, ಸಂಜೆಯ ಪಾಠ ನಮಗೆ ಹೊಸತಲ್ಲ.

ಇನ್ನು ಪರೀಕ್ಷೆಯ ವಿಷಯ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಅದು ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮುಂಬಯಿಯಲ್ಲಿ ಹುಟ್ಟಿ ಮುಂಬಯಿಯಲ್ಲೇ ಓದಿದವರಿಗೆ ಆ ಸೌಲಭ್ಯ ಇದ್ದೂ ಇಲ್ಲದಂತೆ. ಎಷ್ಟು ಮಂದಿ ಅದನ್ನು ಆರಿಸಿಯಾರು ಎಂದು ತಾವು ಕೇಳಬಹುದು. ಕೆಲವರೇ ಇದ್ದಾರು. ಕನ್ನಡದ ಪುಸ್ತಿಕೆಯಲ್ಲಿ ಇಂಗ್ಲಿಷ್ ಪ್ರಶ್ನೆಯೂ ಜೊತೆಯಲ್ಲೇ ಇರುವುದರಿಂದ, ಸಂದೇಹ ಬಂದಾಗ ಕನ್ನಡದತ್ತ ಒಮ್ಮೆ ಕಣ್ಣು ಹಾಯಿಸುವ ಅವಕಾಶವನ್ನಷ್ಟೇ ಅವರು ಬಯಸುತ್ತಾರೆ. ಮುಂಬಯಿಯ ಕೇಂದ್ರಗಳಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಕೊಡಿಸುವುದು ಪಾಲಿಕೆಯ ಅಧಿಕಾರದಲ್ಲಿಲ್ಲ. ಆದರೂ ಕನ್ನಡ ಶಾಲೆಗಳನ್ನು ನಡೆಸುವ ಸಂಸ್ಥೆಯಾಗಿ, ನೀಟ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ತಾವು ಶಿಫಾರಸು ಪತ್ರ ಬರೆದರೆ ಅದಕ್ಕೆ ತೂಕವಿರುತ್ತದೆ.

ಸೀಟು ಸಿಕ್ಕವರ ಕಷ್ಟ ಬೇರೆ. ಕಾಲೇಜಿನ ಶುಲ್ಕ ಮೊದಲೇ ಗೊತ್ತಿರುತ್ತದೆ, ಸಾಮಾನಿನ ಪಟ್ಟಿ ಕೈಗೆ ಬರುವುದು ಸೇರಿದ ಮೇಲೆ. ಮೇಣದಲ್ಲಿ ಹಲ್ಲು ಕೆತ್ತುವ ಚಾಕುಗಳು, ಅಭ್ಯಾಸಕ್ಕೆ ಕೃತಕ ಹಲ್ಲುಗಳ ಟೈಪೊಡಾಂಟ್, ಆಮೇಲೆ ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್, ಇಕ್ಕಳಗಳು: ನಾಲ್ಕು ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವವರೆಗೂ ಖರ್ಚು ನಿಲ್ಲುವುದಿಲ್ಲ. ಓದು ಮುಗಿಸಿದವರ ಉಪಕರಣಗಳನ್ನು ಪಡೆದು, ಸ್ಟೆರಿಲೈಸ್ ಮಾಡಿ, ಬಡ ವಿದ್ಯಾರ್ಥಿಗಳಿಗೆ ಎರವಲು ಕೊಡುವ ಒಂದು ಭಂಡಾರವನ್ನು ಕಾಲೇಜಿನಲ್ಲಿ ತೆರೆಯಬೇಕು. ಯಾವ ಮಾತೃಭಾಷೆಯವರಿಗೂ ಅದು ಮುಕ್ತವಾಗಿರಲಿ.

ಕನ್ನಡ ಬಲ್ಲ ದಂತವೈದ್ಯರು ತಯಾರಾದರೆ ಪಾಲಿಕೆಗೂ ಲಾಭವಿದೆ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ದುಡಿಯಲು ಬಂದವರು ಈ ನಗರದ ಗುಡಿಸಲುಗಳಲ್ಲಿ ತುಂಬಿದ್ದಾರೆ. ಗುಟ್ಕಾವನ್ನು ರಾಜ್ಯ 2012ರಲ್ಲೇ ನಿಷೇಧಿಸಿದೆ, ಆದರೆ ಅಗಿಯುವ ಚಟ ನಿಂತಿಲ್ಲ. ಬಾಯಿ ಬಿಗಿದು ಎರಡು ಬೆರಳು ತೂರದಂತಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಎಷ್ಟು ವರ್ಷದಿಂದ ಅಗಿಯುತ್ತೀರಿ, ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಬೇಕಾದ ಇಂಟರ್ನ್‌ಗೆ ಕನ್ನಡ ಬಾರದಿದ್ದರೆ, ಉತ್ತರ ಕೊಡುವುದು ರೋಗಿಯ ಪಕ್ಕದಲ್ಲಿರುವ ಹತ್ತು ವರ್ಷದ ಮಗ. ಅಪ್ಪ ಮಗನೆದುರು ಪೂರ್ತಿ ಹೇಳುವುದೂ ಇಲ್ಲ. ಆದ್ದರಿಂದ ಇಂಟರ್ನ್‌ಗಳ ಸಾಮುದಾಯಿಕ ದಂತ ಆರೋಗ್ಯ ಶಿಬಿರಗಳಲ್ಲಿ ಕೆಲವನ್ನು ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಏರ್ಪಡಿಸಬೇಕು. ಮಕ್ಕಳ ಜೊತೆ ಪೋಷಕರ ಬಾಯಿ ತಪಾಸಣೆಯೂ ಆಗಲಿ. ಕನ್ನಡ ಬಲ್ಲ ದಂತ ವಿದ್ಯಾರ್ಥಿಗಳಾದ ನಾವು ಯಾವ ಭತ್ಯೆಯನ್ನೂ ಬಯಸದೆ ಬರಲು ಸಿದ್ಧ.

ಶಿಕ್ಷಣಾಧಿಕಾರಿಗಳು ಮತ್ತು ದಂತ ಮಹಾವಿದ್ಯಾಲಯದ ಡೀನ್ ಅವರ ಸಮ್ಮುಖದಲ್ಲಿ ನಮ್ಮ ಅಹವಾಲನ್ನು ಕೇಳಲು ಸಮಯ ನೀಡಬೇಕೆಂದೂ, ಮುಂದಿನ ಶೈಕ್ಷಣಿಕ ವರ್ಷದ ಮುಂಗಡಪತ್ರಕ್ಕೆ ಮುನ್ನ ಲಿಖಿತ ಉತ್ತರ ಕೊಡಬೇಕೆಂದೂ ಪ್ರಾರ್ಥಿಸುತ್ತೇವೆ. ಮನವಿಯ ಮರಾಠಿ ಪ್ರತಿ ಜೊತೆಗಿದೆ.

ತಮ್ಮ ವಿಶ್ವಾಸಿಗಳು,
ಕನ್ನಡ ಶಾಲೆಗಳ ಪೋಷಕರು, ಹಳೆ ವಿದ್ಯಾರ್ಥಿಗಳು ಹಾಗೂ ದಂತ ವೈದ್ಯಕೀಯ ವಿದ್ಯಾರ್ಥಿಗಳು,
ಮುಂಬಯಿ