ಸಹಿಯಿಲ್ಲದ ಜಾಹೀರಾತು

ಜಾಹೀರಾತು ಜಾಹೀರಾತಿನ ಹಾಗೆ ಕಾಣಲೇಬಾರದು ಎಂಬುದು ಈಗಿನ ಪ್ರಚಾರ ಪಂಡಿತರ ಮೊದಲ ಸೂತ್ರ. ಅದು ಕಥೆಯ ಹಾಗೆ ಕಾಣಬೇಕು, ಸುದ್ದಿಯ ಹಾಗೆ ಕಾಣಬೇಕು, ಪಕ್ಕದ ಮನೆಯ ಹುಡುಗಿ ಆಡಿದ ಮಾತಿನ ಹಾಗೆ ಕಾಣಬೇಕು; ಸರಕು ಮಾರುವವನ ಕೈ ಮಾತ್ರ ಎಲ್ಲಿಯೂ ಕಾಣಕೂಡದು. ಇದಕ್ಕೆ ಅವರು ಇಟ್ಟಿರುವ ಹೆಸರು ಸೃಜನಶೀಲತೆ. ಹಳೆಯ ಜಾಡು ಬಿಟ್ಟು ಹೊಸ ದಾರಿ ಹಿಡಿದೆವೆಂದು ಅವರವರೇ ಸಭೆ ಸೇರಿ ಬಹುಮಾನ ಹಂಚಿಕೊಳ್ಳುವುದೂ ಉಂಟು.

ಸರಕಾರಿ ಕಚೇರಿಯಲ್ಲಿ ಕಾಗದಪತ್ರ ನೋಡಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದನ್ನು ಕೇಳಿದಾಗ ನೆನಪಾಗುವುದು ಬೇರೊಂದು ಸೂತ್ರ. ಹೆಸರು, ವಿಳಾಸ, ಸಹಿ ಇಲ್ಲದ ದೂರು ಅರ್ಜಿ ಬಂದರೆ ಅದರ ಮೇಲೆ ಕ್ರಮ ಕೈಗೊಳ್ಳತಕ್ಕದ್ದಲ್ಲ. ಅರ್ಜಿಯಲ್ಲಿ ಬರೆದದ್ದೆಲ್ಲ ಸುಳ್ಳೆಂದು ಈ ನಿಯಮ ಮಾಡಿದ್ದಲ್ಲ. ಆಡಿದ ಮಾತಿಗೆ ಹೊಣೆ ಹೊರುವವರು ಇಲ್ಲವೆಂಬುದೇ ಕಾರಣ. ಜಾಹೀರಾತಿಗೂ ನಾವು ಹೇಳುವುದು ಇಷ್ಟೇ. ಹಾಡಲಿ, ಕುಣಿಯಲಿ, ನಗಿಸಲಿ. ಕೆಳಗೆ ಸಹಿ ಇರಲಿ. ಸಹಿ ಮರೆಸಿದ ಜಾಣತನಕ್ಕೆ ಕನ್ನಡದಲ್ಲಿ ವಂಚನೆ ಎಂಬ ಹಳೆಯ ಮಾತಿದೆ, ಹೊಸ ಹೆಸರು ಬೇಕಾಗಿಲ್ಲ.

ಇದರಿಂದ ನಾವು ಹೊಸತನದ ವೈರಿಗಳೆಂದು ಯಾರೂ ತಿಳಿಯಬೇಕಾಗಿಲ್ಲ. ರೂಢಿ ಬಿಟ್ಟ ಪ್ರಚಾರವನ್ನು ಕನ್ನಡಿಗರಿಗೆ ಮುಂಬಯಿಯ ಪಂಡಿತರು ಕಲಿಸಬೇಕಾದ್ದೂ ಇಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರ ಹೋಗುವುದು ನಿಂತಾಗ ಮೈಸೂರು ಸಂಸ್ಥಾನದಲ್ಲಿ ಸರಕು ಹಾಗೆಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಎದ್ದಿತು, 1918ರ ಹೊತ್ತಿಗೆ ಸಾಬೂನು ಬಂತು. ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದಕ್ಕೆ ಅಂಡಾಕಾರ ಕೊಟ್ಟರು, ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಇಡಿಸಿದರು. ಆನೆಯ ಮುಖ, ಸಿಂಹದ ಮೈಯ ಶರಭ ಅದರ ಮುದ್ರೆಯಾಯಿತು. ಟ್ರಾಮ್ ಟಿಕೇಟಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಅದರ ಚಿತ್ರ ಬಂತು. ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆಯನ್ನೇ ತೆಗೆದರು! ನೂರು ವರ್ಷಗಳ ಹಿಂದಿನ ಈ ಒಂಟೆಗಿಂತ ವಿಚಿತ್ರವಾದ ಪ್ರಚಾರವನ್ನು ಈಗಿನವರು ಎಷ್ಟು ಕಂಡುಹಿಡಿದಿದ್ದಾರೆ? ಆದರೆ ಒಂಟೆಯನ್ನು ನೋಡಿದ ಕರಾಚಿಯವನಿಗೆ ಇದು ಸಾಬೂನು ಮಾರುವವರ ಒಂಟೆಯೆಂದು ಗೊತ್ತಿತ್ತು. ನೋಡುವ ಮೋಜು ಪುಕ್ಕಟೆ. ಕೊಳ್ಳುವುದು ಬಿಡುವುದು ಅವನಿಷ್ಟ.

ನಮ್ಮ ಕಾಲದ ಮಾತಿಗೇ ಬರೋಣ. ಚುಕ್ಕೆಚುಕ್ಕೆಯ ಲಂಗ ತೊಟ್ಟ ಅಮುಲ್ ಬೆಣ್ಣೆಯ ಹುಡುಗಿ 1966ರಿಂದ ಈ ಊರಿನ ಫಲಕಗಳ ಮೇಲಿದ್ದಾಳೆ. ಸಿಲ್ವೆಸ್ಟರ್ ಡಾಕುನ್ಹಾ ಅವರ ಕಲ್ಪನೆ, ಯೂಸ್ಟೇಸ್ ಫರ್ನಾಂಡಿಸ್ ಅವರ ಚಿತ್ರ. ಚುನಾವಣೆ, ಕ್ರಿಕೆಟ್ಟು, ಸಿನಿಮಾ, ಬೆಲೆಯೇರಿಕೆ ಯಾವುದನ್ನೂ ಬಿಡದೆ ಚುಚ್ಚುವ ಹುಡುಗಿ. ಲೋಕಲ್ ರೈಲಿನ ಕಿಟಕಿಯಿಂದ ಆ ಫಲಕ ನೋಡಿ ನಗದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿಯೂ ಕೆಳಗೆ ಬೆಣ್ಣೆಯ ಹೆಸರಿದೆ. ಸಹಿ ಇದೆ.

ಬಟ್ಟೆ ಒಗೆಯುವ ಪುಡಿಯ ಜಗಳ ಇನ್ನೂ ಸ್ವಾರಸ್ಯದ್ದು. ಕರ್ಸನ್‌ಭಾಯಿ ಪಟೇಲರು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಗುಜರಾತ್ ಸರಕಾರದ ಭೂಗರ್ಭ ಮತ್ತು ಗಣಿ ಇಲಾಖೆಯ ಪ್ರಯೋಗಾಲಯದಲ್ಲಿ ಸಂಬಳಕ್ಕಿದ್ದವರು. ನಮ್ಮ ಹಾಗೆ ಹತ್ತರಿಂದ ಐದರವರು. 1969ರಲ್ಲಿ ಮನೆಯಲ್ಲೇ ಪುಡಿ ಕಲಸಿ, ಮಗಳ ನೆನಪಿಗೆ ನಿರ್ಮಾ ಎಂದು ಹೆಸರಿಟ್ಟು, ಅಹಮದಾಬಾದಿನಲ್ಲಿ ಸೈಕಲ್ ಮೇಲೆ ಮನೆಮನೆಗೆ ಹೊತ್ತು ಮಾರಿದರು. ದೊಡ್ಡ ಕಂಪನಿಯ ಸರ್ಫ್ ಇದ್ದ ಬೆಲೆಯಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ ಬೆಲೆ. ಕೆಲವೇ ವರ್ಷಗಳಲ್ಲಿ ಅವರು ದೇಶವನ್ನೇ ಆವರಿಸಿದಾಗ ಹಿಂದುಸ್ತಾನ್ ಲಿವರಿನವರು ಬೆಚ್ಚಿಬಿದ್ದರು. ಆಗ ಹುಟ್ಟಿದವಳು ದೂರದರ್ಶನದ ಲಲಿತಾಜಿ. ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್‌ಸೀ ಅವರ ಸೃಷ್ಟಿ. ಕವಿತಾ ಚೌಧರಿ ಅವರ ಪಾತ್ರ. ತರಕಾರಿಯನ್ನು ಚೌಕಾಸಿ ಮಾಡಿ ಕೊಳ್ಳುವ, ಬಿಗಿ ಮುಖದ ಗೃಹಿಣಿ. ಅವಳು ಮಂಡಿಸಿದ ವಾದ ಹೀಗಿತ್ತು: ಅಗ್ಗದ ಪುಡಿ ಒಂದು ಕಿಲೋ ಒಗೆಯುವಷ್ಟನ್ನು ಸರ್ಫ್ ಅರ್ಧ ಕಿಲೋದಲ್ಲಿ ಒಗೆಯುತ್ತದೆ, ಅಗ್ಗದ್ದು ಬೇರೆ, ಒಳ್ಳೆಯದು ಬೇರೆ. ಈ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಯಾವ ಮನೆಯಾಕೆಯೂ ಎರಡು ಬಕೆಟ್ ಇಟ್ಟು ಪರೀಕ್ಷಿಸಿ ನೋಡಬಹುದಿತ್ತು. ಅನೇಕರು ನೋಡಿ ನಿರ್ಮಾದಲ್ಲೇ ಉಳಿದರೆಂಬುದಕ್ಕೆ ಆ ಕಂಪನಿಯೇ 1980ರ ದಶಕದಲ್ಲಿ ವೀಲ್ ಎಂಬ ಅಗ್ಗದ ಪುಡಿ ತರಬೇಕಾಗಿ ಬಂದದ್ದೇ ಸಾಕ್ಷಿ. ಇದು ನ್ಯಾಯವಾದ ಜಗಳ. ಗಿರಾಕಿಯನ್ನು ಬುದ್ಧಿಯುಳ್ಳ ಮನುಷ್ಯನೆಂದು ಬಗೆದು ಆಡಿದ ಜಗಳ.

ಅದೇ ಮನೆತನದ ಸರ್ಫ್ ಎಕ್ಸೆಲ್ 2005ರಿಂದೀಚೆಗೆ ಕಲೆಯಾದರೂ ಒಳ್ಳೆಯದೇ ಎಂಬ ಹೊಸ ರಾಗ ತೆಗೆದಿದೆ. ಮಕ್ಕಳು ಒಳ್ಳೆಯ ಕೆಲಸ ಮಾಡುತ್ತ ಬಟ್ಟೆ ಕೊಳೆ ಮಾಡಿಕೊಳ್ಳುವ ಕಥೆಗಳು. ಕಣ್ಣು ತೇವವಾಗುತ್ತದೆ, ಒಪ್ಪೋಣ. ಆದರೆ ಅರ್ಧ ಕಿಲೋಗೆ ಎಷ್ಟು ಬಟ್ಟೆ ಎಂಬ ಲಲಿತಾಜಿಯ ಲೆಕ್ಕ ಎಲ್ಲಿ ಹೋಯಿತು? ಪರೀಕ್ಷೆ ಮಾಡಬಹುದಾದ ಮಾತೇ ಇಲ್ಲದ ಮೇಲೆ ಸುಳ್ಳೆಂದು ಹಿಡಿಯುವ ಭಯವೂ ಇಲ್ಲ. ಕಥೆ ಹೇಳುವ ಈ ಜಾಹೀರಾತುಗಳನ್ನು ನಾವು ಅಪರಾಧವೆನ್ನುವುದಿಲ್ಲ. ಸಹಿಯಂತೂ ಇದೆ, ಅರ್ಜಿಯಲ್ಲಿ ವಿಷಯ ಮಾತ್ರ ಇಲ್ಲ. ನಿಜವಾದ ಅಪರಾಧ ಮುಂದಿದೆ.

ಮದ್ಯ ಮತ್ತು ತಂಬಾಕಿನ ಜಾಹೀರಾತು ಟೆಲಿವಿಷನ್ನಿನಲ್ಲಿ ಬರಕೂಡದು ಎಂದು ನಿಯಮವಿದೆ. ತಂಬಾಕಿನ ಜಾಹೀರಾತಿಗೆ 2003ರ ಕಾಯಿದೆ, ಮಾರುವ ಅಂಗಡಿಯ ಫಲಕದಂಥ ಸಣ್ಣ ವಿನಾಯಿತಿ ಬಿಟ್ಟರೆ, ಎಲ್ಲೆಡೆಯೂ ಬಾಗಿಲು ಹಾಕಿದೆ. ಬಾಗಿಲು ಹಾಕಿದರೇನು, ಸೃಜನಶೀಲರಿಗೆ ಕಿಟಕಿಯಿದೆಯಲ್ಲ! ಮದ್ಯದ ಹೆಸರಿನಲ್ಲೇ ಸೋಡಾ ಬಂತು, ಹಾಡಿನ ಸಿ.ಡಿ. ಬಂತು. ಗುಟ್ಕಾ ಮೇಲೆ 2012ರಿಂದ ಒಂದೊಂದೇ ರಾಜ್ಯ ನಿಷೇಧ ಹಾಕುತ್ತ ಬಂದ ಮೇಲೆ ಅದೇ ಹೆಸರು, ಅದೇ ಬಣ್ಣದ ಪೊಟ್ಟಣದಲ್ಲಿ ಪಾನ್ ಮಸಾಲೆ, ಏಲಕ್ಕಿ ಕಾಣಿಸಿಕೊಂಡವು. ಕೋಟಿಗಟ್ಟಲೆ ಜನ ಆರಾಧಿಸುವ ಸಿನಿಮಾ ನಟರು ಕೋಟು ತೊಟ್ಟು, ಎರಡು ರೂಪಾಯಿಯ ಏಲಕ್ಕಿಯನ್ನು ಅಮೃತದ ಹಾಗೆ ಬಾಯಿಗೆ ಹಾಕಿಕೊಳ್ಳುವುದನ್ನು ನಮ್ಮ ಮಕ್ಕಳು ನೋಡುತ್ತಾರೆ. ಏಲಕ್ಕಿ ಮಾರಲು ಇಷ್ಟು ಖರ್ಚು ಯಾರು ಮಾಡುತ್ತಾರೆ ಎಂದು ಕೇಳುವ ವಯಸ್ಸು ಅವಕ್ಕಲ್ಲ. ಅಡಿಕೆ ನಮ್ಮೂರಿನ ಬೆಳೆ, ನಿಮ್ಮ ಮಾತು ಮಲೆನಾಡಿನ, ಕರಾವಳಿಯ ಬೆಳೆಗಾರನ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂದು ನಮ್ಮವರೇ ಆಕ್ಷೇಪಿಸಬಹುದು. ಬೆಳೆಗಾರನ ಕಷ್ಟಕ್ಕೆ ಬೇರೆ ಉತ್ತರ ಹುಡುಕಬೇಕು. ಏಲಕ್ಕಿಯ ವೇಷ ಹಾಕಿದ ತಂಬಾಕು ಆ ಉತ್ತರವಲ್ಲ.

ವೇಷದ ಪರಮಾವಧಿ 2024ರ ಫೆಬ್ರವರಿಯಲ್ಲಿ ಕಂಡಿತು. ಗರ್ಭಕಂಠದ ಕ್ಯಾನ್ಸರಿನಿಂದ ಒಬ್ಬ ನಟಿ ತೀರಿಕೊಂಡಳೆಂದು ಅವಳದೇ ಖಾತೆಯಿಂದ ಸುದ್ದಿ ಹೊರಟಿತು. ಪತ್ರಿಕೆಗಳು ಅಚ್ಚು ಮಾಡಿದವು, ಜನ ಮರುಗಿದರು. ಮಾರನೆಯ ದಿನ ಆಕೆ ಎದ್ದು ಬಂದು, ರೋಗದ ಬಗ್ಗೆ ಜಾಗೃತಿ ಮೂಡಿಸಲು ಹೀಗೆ ಮಾಡಿದೆನೆಂದಳು. ಪ್ರಚಾರ ಸಂಸ್ಥೆ ಕ್ಷಮೆ ಕೇಳಿತು. ಎಷ್ಟು ಜನ ಆ ರೋಗದ ಹೆಸರನ್ನು ಹುಡುಕಿದರೆಂಬ ಲೆಕ್ಕವನ್ನೂ ಕೊಟ್ಟಿತು. ಆ ರೋಗದಿಂದ ತಾಯಿಯನ್ನೋ ಅಕ್ಕನನ್ನೋ ಕಳೆದುಕೊಂಡ ಮನೆಯವರಿಗೆ ಈ ಲೆಕ್ಕ ತೋರಿಸಿ ಸಮಾಧಾನ ಹೇಳುವ ಧೈರ್ಯ ಯಾರಿಗಿದೆ? ತೋಳ ಬಂತು ತೋಳ ಎಂದ ಹುಡುಗನ ಕಥೆ ಇವರ ಪಠ್ಯದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ನಾಳೆ ನಿಜವಾದ ಎಚ್ಚರಿಕೆ ಬಂದಾಗ, ಇದೂ ಯಾರದೋ ಪ್ರಚಾರವಿರಬೇಕು ಎಂದು ಜನ ಪುಟ ತಿರುಗಿಸಿದರೆ ತಪ್ಪು ಜನರದಲ್ಲ.

ಸಾಯುವ ನಾಟಕ ಎಲ್ಲರೂ ಆಡಲಾರರು. ಆದರೆ ಸಣ್ಣ ವೇಷಗಳು ದಿನವೂ ಮನೆಯೊಳಗೆ ಬರುತ್ತಿವೆ. ಫೋನಿನಲ್ಲಿ ಅಡುಗೆ ಹೇಳಿಕೊಡುವ ಅಕ್ಕ ಒಂದು ಎಣ್ಣೆಯನ್ನು ಹೊಗಳುತ್ತಾಳೆ. ಉಳಿತಾಯದ ಬುದ್ಧಿ ಹೇಳುವ ತಮ್ಮ ಒಂದು ಕಂಪನಿಯ ಹೆಸರೆತ್ತುತ್ತಾನೆ. ಊರು ಬಿಟ್ಟು ಬಂದ ನಮ್ಮ ಸಂಸಾರಗಳಿಗೆ ಅತ್ತೆ, ಚಿಕ್ಕಮ್ಮ, ಬೀದಿಯ ಹಿರಿಯರು ಹತ್ತಿರದಲ್ಲಿಲ್ಲ. ಯಾವ ಎಣ್ಣೆ, ಯಾವ ಔಷಧ, ಮಗುವಿಗೆ ಯಾವ ಆಹಾರ ಎಂದು ಕೇಳಲು ಇದ್ದ ದನಿಗಳ ಜಾಗದಲ್ಲಿ ಈಗ ಈ ಫೋನಿನ ದನಿ ಕೂತಿದೆ. ಅದೂ ಅಚ್ಚ ಕನ್ನಡದಲ್ಲಿ ಮಾತಾಡಿದರಂತೂ ನಮ್ಮ ಮನಸ್ಸು ಕರಗಿಯೇ ಹೋಗುತ್ತದೆ. ಆ ಅಕ್ಕನಿಗೆ ಹಣ ಕೊಟ್ಟವರು ಯಾರೆಂದು ತಿಳಿಯುವ ಹಕ್ಕು ನಮಗಿಲ್ಲವೇ? ಹಣವೋ ಉಡುಗೊರೆಯೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಸರಕಾರವೂ 2023ರಲ್ಲಿ ಸೂಚನೆ ಹೊರಡಿಸಿದೆ.

ಮಕ್ಕಳ ಆಹಾರದ ಸಂಗತಿ ನೋಡಿ. ಹಾಲಿಗೆ ಬೆರೆಸುವ ಪುಡಿಗಳನ್ನು ದಶಕಗಳ ಕಾಲ ಆರೋಗ್ಯದ ಪೇಯವೆಂದು ಮಾರಿದರು. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ತಲೆಬರಹದಿಂದ ತೆಗೆಯಬೇಕೆಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಕಾರಣ ಕೇಳಿದರೆ ಬೆರಗಾಗುತ್ತದೆ: 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಅಂಥ ಹೆಸರಿಗೆ ವ್ಯಾಖ್ಯೆಯೇ ಇಲ್ಲ. ಕಾಯಿದೆಯಲ್ಲಿಲ್ಲದ ಹೆಸರು ಅಷ್ಟು ವರ್ಷ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ರಾಜನಂತೆ ಕೂತಿತ್ತು. ಪರೀಕ್ಷೆಯ ಕಾಲದಲ್ಲಿ ಬೇರೆ ಖರ್ಚು ಕಡಿಮೆ ಮಾಡಿ ಆ ಡಬ್ಬಿ ತಂದ ತಾಯಂದಿರು ನಮ್ಮ ಸಂಘದಲ್ಲೇ ಎಷ್ಟೋ ಮಂದಿ.

ಇಷ್ಟೆಲ್ಲಕ್ಕೂ ಕಾನೂನು ಇಲ್ಲವೇ ಎಂದರೆ, ಇದೆ. ಜಾಹೀರಾತಿನವರೇ ಕಟ್ಟಿಕೊಂಡ ಮಾನಕ ಮಂಡಳಿ 1985ರಿಂದ ಇದೇ ಮುಂಬಯಿಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಜೂನಿನ ಮಾರ್ಗಸೂಚಿಗಳು ವೇಷದ ಜಾಹೀರಾತನ್ನು ಹೆಸರು ಹಿಡಿದೇ ನಿಷೇಧಿಸಿವೆ. ಅವುಗಳಲ್ಲೇ ನಮಗೆ ಸಂಬಂಧಿಸಿದ ಇನ್ನೊಂದು ಮಾತಿದೆ: ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ನಾವು ನೋಡುವ ಕನ್ನಡ ಜಾಹೀರಾತುಗಳಲ್ಲಿ ಆಗುತ್ತಿರುವುದೇನು? ಆಸೆ ಹುಟ್ಟಿಸುವ ಮಾತು ಕನ್ನಡದಲ್ಲಿ. ಆಸೆಗೆ ಕತ್ತರಿ ಹಾಕುವ ಮಾತು ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಮಾಯ. ಕನ್ನಡಾಭಿಮಾನ ಬೋರ್ಡಿನ ಮೇಲಿನ ಅಕ್ಷರಕ್ಕೇ ನಿಲ್ಲಬೇಕೇ? ಈ ಷರತ್ತುಗಳನ್ನು ಕನ್ನಡದಲ್ಲಿ ಕೊಡಿ ಎಂದು ನಾವು ಏಕೆ ಕೇಳಬಾರದು?

ಅಭಿಮಾನದ ಮಾತು ಬಂತು, ಮೈಸೂರು ಸ್ಯಾಂಡಲ್ ಸಾಬೂನಿಗೇ ಮರಳೋಣ. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗೆ ಅದರ ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿಯರಿಲ್ಲವೇ ಎಂದು ದೊಡ್ಡ ಕೋಲಾಹಲವೆದ್ದಿತು. ಹೊರ ರಾಜ್ಯಗಳ ಮಾರುಕಟ್ಟೆಗಾಗಿ ಹೀಗೆ ಮಾಡಿದೆವೆಂದು ಸರಕಾರ ಹೇಳಿತು. ಹೊರ ರಾಜ್ಯದಲ್ಲಿರುವ ಕನ್ನಡಿಗರಾದ ನಮ್ಮ ಪ್ರಶ್ನೆ ಎರಡೂ ಕಡೆಯವರಿಗೆ. ಮುಖ ಕನ್ನಡದ್ದೋ ಹೊರಗಿನದೋ ಎಂಬುದು ಸಣ್ಣ ಮಾತು. ಗಂಧದೆಣ್ಣೆಯ ಸಾಬೂನೆಂಬ ಪರೀಕ್ಷಿಸಬಹುದಾದ ಸತ್ಯ ಕೈಯಲ್ಲಿರುವಾಗ, 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿರುವಾಗ, ಅದನ್ನು ಬಿಟ್ಟು ಬಾಡಿಗೆಯ ಮುಖದ ಹಿಂದೆ ನಿಲ್ಲಬೇಕೇ? ಶಾಸ್ತ್ರಿಗಳ ಒಂಟೆ ಸಾಬೂನಿನ ಮಾತನ್ನೇ ಹೊತ್ತು ನಡೆಯಿತು.

ಟೀಕೆ ಸುಲಭ, ಮಾಡಬೇಕಾದ್ದೇನು ಎಂದು ಕೇಳುವವರಿಗೆ ಮೂರು ಸಲಹೆ. ಒಂದು: ಪೊಟ್ಟಣದ ಮುಂಭಾಗ ನೋಡುವುದನ್ನು ಬಿಟ್ಟು ಹಿಂಭಾಗ ಓದೋಣ. 2021ರ ತಿದ್ದುಪಡಿಯಲ್ಲಿ ಇಷ್ಟಿಷ್ಟೇ ತೂಕದ ಪೊಟ್ಟಣವಿರಬೇಕೆಂಬ ಹಳೆಯ ಕಟ್ಟುಪಾಡನ್ನು ತೆಗೆದು, ಅದರ ಬದಲು ಗ್ರಾಮಿಗೋ ಕಿಲೋಗೋ ಎಷ್ಟು ಬೆಲೆ ಎಂದು ಮುದ್ರಿಸುವ ನಿಯಮ ತಂದರು. ಹತ್ತು ರೂಪಾಯಿಯ ಪೊಟ್ಟಣ ಹತ್ತು ರೂಪಾಯಿಯಲ್ಲೇ ಉಳಿದು ಒಳಗಿನ ತೂಕ ಕರಗುತ್ತ ಹೋಗುವುದನ್ನು ಹಿಡಿಯಲು ಇದೊಂದೇ ದಾರಿ. ಎರಡು: ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ, ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಮೂರನೆಯದು ನಮಗೇ ಕಹಿ. ರಾಜ್ಯೋತ್ಸವಕ್ಕೆ, ಸ್ಮರಣ ಸಂಚಿಕೆಗೆ ಹಣ ಬೇಕೆಂಬುದು ನಿಜ. ಆದರೂ ವೇಷದ ಏಲಕ್ಕಿಯ ಫಲಕ ನಮ್ಮ ವೇದಿಕೆಯ ಮೇಲೆ ಬೇಡ. ಹಣ ಪಡೆದು ಹಾಕುವ ಲೇಖನಕ್ಕೆ ‘ಜಾಹೀರಾತು’ ಎಂಬ ತಲೆಬರಹವಿಲ್ಲದೆ ಈ ಪತ್ರಿಕೆಯಲ್ಲಿ ಜಾಗ ಬೇಡ. ಎರಡನ್ನೂ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಠರಾವಾಗಿ ಮಂಡಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಒತ್ತಾಯಿಸುತ್ತೇವೆ. ಪೆಂಡಾಲು ಒಂದಿಷ್ಟು ಚಿಕ್ಕದಾದರೆ ಆಗಲಿ. ಅದರಡಿ ಕೂಡುವ ಮಕ್ಕಳು ನಮ್ಮವು.