ಯಾವ ಕ್ಯಾಪ್ ಅಂತ ಹೇಳಿ ಡಾಕ್ಟ್ರೇ

ಹೆತ್ತೂರು ಕಡೆ ನಮಗೊಬ್ಬರು ಚಿಕ್ಕಮ್ಮ ಇದ್ದಾರೆ. ಅಸಲಿಗೆ ನಮ್ಮ ತಂಡದ ಒಬ್ಬಳ ಚಿಕ್ಕಮ್ಮ, ಈಗ ನಮಗೆಲ್ಲರಿಗೂ. ಕಾಫಿ ತೋಟದ ಕೆಲಸ. ಎರಡು ವರ್ಷದ ಹಿಂದೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡರು. ನಾಲ್ಕು ವಾರದ ಬಟವಾಡೆ ಅದಕ್ಕೇ ಹೋಯಿತು. ಕಳೆದ ಮಳೆಗಾಲದಲ್ಲಿ ಎಲೆ ಅಡಿಕೆ ಜಗಿಯುವಾಗ ಕ್ಯಾಪಿನ ಬಿಳಿ ಚಕ್ಕೆ ಎದ್ದು ಬಂತು, ಒಳಗಿನ ಬೂದು ಲೋಹ ಕಾಣಿಸಿತು. ಯಾವ ಕ್ಯಾಪ್ ಹಾಕಿದ್ದರು ಎಂದು ಕೇಳಿದೆವು. "ಬಿಳೀದು" ಅಂದರು. ಬಿಲ್ ತೆಗೆಸಿ ನೋಡಿದೆವು. "ಕ್ಯಾಪ್ – 1" ಅಂತಿತ್ತು. ಅಷ್ಟೇ.

ಬಿಳೀದು ಅನ್ನುವುದು ಬಣ್ಣ, ಮೆಟೀರಿಯಲ್ ಅಲ್ಲ. ನಮ್ಮ ಕಡೆ ಹೆಚ್ಚಾಗಿ ಮೂರು ಬಗೆ ಹಾಕುತ್ತಾರೆ: ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು, ಮತ್ತೆ ಜಿರ್ಕೋನಿಯಾ. ಲೋಹದ್ದು ಅಗ್ಗ, ತೆಳ್ಳಗಿದ್ದರೂ ಗಟ್ಟಿ, ಆದ್ದರಿಂದ ಹಲ್ಲನ್ನು ಕಡಿಮೆ ಅರೆದರೆ ಸಾಕು. ನೋಡಲು ಚೆಂದವಿಲ್ಲ. ಪಿಂಗಾಣಿಯದ್ದಕ್ಕೆ ಎರಡು ಪದರ ಹಿಡಿಯಬೇಕಲ್ಲ, ಜಗಿಯುವ ಕಡೆ ಒಂದೂವರೆಯಿಂದ ಎರಡು ಮಿಲಿಮೀಟರ್ ಅರೆಯಬೇಕು. ಭಾರ ಬಿದ್ದರೆ ಮೇಲಿನ ಪದರ ಚಕ್ಕೆ ಏಳಬಹುದು, ವಸಡು ಇಳಿದರೆ ಬುಡದಲ್ಲಿ ಕಪ್ಪು ಗೆರೆ ಕಾಣುತ್ತದೆ. ಜಿರ್ಕೋನಿಯಾ ಗಟ್ಟಿ, ಬಣ್ಣವೂ ಹಲ್ಲಿಗೆ ಹತ್ತಿರ, ದುಡ್ಡು ಜಾಸ್ತಿ. ಪಾಲಿಶ್ ಸರಿಯಿಲ್ಲದೆ ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ಸವೆಸುತ್ತದೆ. ಮುಂದೆ ಬೇರಿನಲ್ಲಿ ನೋವು ಬಂದು ಕ್ಯಾಪ್ ಕೊರೆಯಬೇಕಾದರೆ ಡಾಕ್ಟರಿಗೂ ಕಷ್ಟ.

ಹಾಗಾದರೆ ಆರಿಸುವುದು ಹೇಗೆ? ಯಾವ ಹಲ್ಲು, ನಕ್ಕರೆ ಕಾಣುತ್ತದೋ ಇಲ್ಲವೋ, ಎಷ್ಟು ಹಲ್ಲು ಉಳಿದಿದೆ, ಎದುರಿಗೆ ಏನಿದೆ, ರಾತ್ರಿ ಹಲ್ಲು ಕಡಿಯುತ್ತೀರಾ, ಅಡಿಕೆ ಜಗಿಯುತ್ತೀರಾ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ತುರಿಸುವವರು ಅದನ್ನೂ ಹೇಳಬೇಕು, ನಿಕ್ಕಲ್ ಇರುವ ಲೋಹ ಅವರಿಗೆ ಆಗದಿರಬಹುದು. ಇದೆಲ್ಲ ಆದಮೇಲೆ ಜೇಬು. ನಮ್ಮ ಜಗಳ ಇರುವುದು ಇಲ್ಲೇ. ಜೇಬನ್ನು ಮೊದಲು ನೋಡುತ್ತಾರೆ, ಅದೂ ಬಟ್ಟೆ ಚಪ್ಪಲಿ ನೋಡಿ. ಕಾರಿನಲ್ಲಿ ಬಂದ ತೋಟದ ಯಜಮಾನರಿಗೆ ಯಾರಿಗೂ ಕಾಣದ ಕೊನೇ ದವಡೆಗೂ ಜಿರ್ಕೋನಿಯಾ. ಬಸ್ಸಿನಲ್ಲಿ ಬಂದವಳಿಗೆ "ಇದು ಹಾಕೋಣಮ್ಮ" ಅಂದರೆ ಮುಗಿಯಿತು. ಅಡಿಕೆ ಜಗಿಯುವ ಚಿಕ್ಕಮ್ಮನ ದವಡೆಗೆ ಲೋಹದ್ದೇ ಸಾಕಿತ್ತು, ಅಗ್ಗವೂ ಆಗುತ್ತಿತ್ತು. ಬೇಡ, ಬಿಳೀದೇ ಇರಲಿ ಅನ್ನುವ ಹಕ್ಕೂ ಅವರಿಗಿತ್ತು. ಆದರೆ ಕೇಳಿದವರು ಯಾರು?

"ಹೇಳಿದರೆ ಅವರಿಗೆ ಅರ್ಥವಾಗಲ್ಲ" ಎಂದು ಒಬ್ಬ ಡಾಕ್ಟರ್ ನಮ್ಮ ಮುಂದೆಯೇ ಅಂದರು. ಸ್ವಾಮೀ, ಇವರು ಪಾರ್ಚ್‌ಮೆಂಟ್ ಯಾವುದು ಚೆರಿ ಯಾವುದು ಎಂದು ಕೈಯಲ್ಲಿ ಹಿಡಿದೇ ಹೇಳುವ ಜನ. ಬಾಳ್ಳುಪೇಟೆಯಲ್ಲಿ ಕಾಫಿ ಮಾರುವಾಗ ಔಟ್‌ಟರ್ನ್‌ನಲ್ಲಿ ಅರ್ಧ ಕೆಜಿ ಕಡಿಮೆ ತೋರಿಸಿದರೂ ವ್ಯಾಪಾರಿ ಜೊತೆ ವಾದಕ್ಕೆ ನಿಲ್ಲುತ್ತಾರೆ. ಮೂರು ಬಗೆಯ ಕ್ಯಾಪ್ ಅರ್ಥವಾಗುವುದಿಲ್ಲವೇ? ಡಾಕ್ಟರಿಗೆ ಪುರುಸೊತ್ತಿಲ್ಲ ಅಂದರೆ ಒಪ್ಪುತ್ತೇವೆ, ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಆದರೆ ಅದು ಬೇರೆ ಮಾತು.

ಸರ್ಕಾರದ ದಂತ ಭಾಗ್ಯ ಇರುವುದು ಬಿಪಿಎಲ್ ಹಿರಿಯರ ಹಲ್ಲಿನ ಸೆಟ್ಟಿಗೆ. ಒಂದು ಕ್ಯಾಪಿಗೆ ಕೈಯಿಂದಲೇ ದುಡ್ಡು ಹಾಕಬೇಕು. ಹಾಕುವವರು ಕೇಳಬೇಕು. ಯಾವ ಚಿಕಿತ್ಸೆಗೆ ಎಷ್ಟು ದರ ಎಂದು ಖಾಸಗಿ ಕ್ಲಿನಿಕ್‌ಗಳು ಬೋರ್ಡಿನಲ್ಲಿ ಹಾಕಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಆಲೂರು, ಸಕಲೇಶಪುರ, ಹಾಸನ ಎಲ್ಲೇ ಹೋದರೂ ಮೊದಲು ಗೋಡೆ ನೋಡಿ. ಬೋರ್ಡ್ ಇಲ್ಲದಿದ್ದರೆ ಎಲ್ಲಿ ಎಂದು ಕೇಳಿ. ನನ್ನ ಹಲ್ಲಿಗೆ ಇದೇ ಯಾಕೆ, ಇದಕ್ಕಿಂತ ಅಗ್ಗದ್ದು ಯಾಕಾಗದು ಎಂದೂ ಕೇಳಿ. ಹಲ್ಲು ಅರೆಯುವ ಮೊದಲೇ ಕೇಳಿ. ಅರೆದಮೇಲೆ ಮನಸ್ಸು ಬದಲಾಯಿಸಿದರೂ ಹೋದ ಹಲ್ಲು ವಾಪಸ್ ಬರುವುದಿಲ್ಲ.

ಚಿಕ್ಕಮ್ಮ ಮುಂದಿನ ತಿಂಗಳು ಮತ್ತೆ ಹೊರಡುತ್ತಿದ್ದಾರೆ. ಈ ಸಲ ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತೇವೆ. ಬಿಲ್ಲಿನಲ್ಲಿ ಮೆಟೀರಿಯಲ್ ಹೆಸರು ಬರೆಸದೆ ದುಡ್ಡು ಬಿಚ್ಚುವುದಿಲ್ಲ.