ಗದ್ದಲಕ್ಕೆ ಒಗ್ಗಿಕೊಳ್ಳಲಿ ಎನ್ನುವವರಿಗೆ

ಸದ್ದು ಜೋರಾದರೆ ಕಿವಿ ಮುಚ್ಚಿಕೊಳ್ಳುವ, ಟ್ಯೂಬ್‌ಲೈಟ್ ಪಟಪಟ ಎಂದರೆ ಬರೆಯಲಾಗದ ಮಕ್ಕಳಿಗೂ ಹೊಂದುವಂತೆ ತರಗತಿ ಇರಬೇಕು ಎಂದಾಗಲೆಲ್ಲ ಕೆಲವು ಆಕ್ಷೇಪಗಳು ತಪ್ಪದೆ ಬರುತ್ತವೆ.

"ಹೊರಗೇನು ಮೌನವಿದೆಯೇ? ಈಗಲೇ ಒಗ್ಗಿಕೊಳ್ಳಲಿ" ಎಂಬುದು ಮೊದಲನೆಯದು. ಒಗ್ಗುತ್ತದೆಯೇ ಎಂದು ಅಳೆದು ನೋಡಿದವರಿದ್ದಾರೆ. ನ್ಯೂಯಾರ್ಕಿನ ಪಿ.ಎಸ್. 98 ಎಂಬ ಪ್ರಾಥಮಿಕ ಶಾಲೆಯ ಪಕ್ಕದಲ್ಲೇ ಎತ್ತರದ ರೈಲು ಹಳಿ. ರೈಲು ಬಂದಾಗಲೆಲ್ಲ ಆ ಬದಿಯ ಕೋಣೆಗಳಲ್ಲಿ ಪಾಠ ನಿಲ್ಲುತ್ತಿತ್ತು. ಸಂಶೋಧಕರಾದ ಆರ್ಲೀನ್ ಬ್ರಾಂಜಾಫ್ಟ್ ಮತ್ತು ಡೆನಿಸ್ ಮೆಕಾರ್ತಿ ಎರಡೂ ಬದಿಯ ಮಕ್ಕಳ ಓದನ್ನು ಹೋಲಿಸಿ 1975ರಲ್ಲಿ ಬರೆದರು: ಆರನೇ ತರಗತಿಯ ಹೊತ್ತಿಗೆ ಹಳಿಯ ಬದಿಯವರು ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು. ವರ್ಷಗಟ್ಟಲೆ ಅದೇ ಸದ್ದು ಕೇಳಿದರೂ ಒಗ್ಗಲಿಲ್ಲ. ಆಮೇಲೆ ಹಳಿಗೆ ರಬ್ಬರ್ ಪಟ್ಟಿ, ಕೋಣೆಗಳಿಗೆ ಸದ್ದು ಹೀರುವ ಒಳಚಾವಣಿ ಬಂತು. 1981ರಲ್ಲಿ ಪ್ರಕಟವಾದ ಮರು ಅಧ್ಯಯನದಲ್ಲಿ ಆ ಅಂತರವೇ ಇರಲಿಲ್ಲ.

"ಒಬ್ಬನಿಗಾಗಿ ನಲವತ್ತು ಮಂದಿ ಬದಲಾಗಬೇಕೇ?" ಸದ್ದಿನಿಂದ ಹಿಂದೆ ಬಿದ್ದ ಪಿ.ಎಸ್. 98ರ ಮಕ್ಕಳು ಎಲ್ಲ ಶಾಲೆಗಳಲ್ಲಿರುವಂಥ ಮಕ್ಕಳೇ. ಇನ್ನು ಆ ಒಬ್ಬನ ವಿಷಯ. ಆಟಿಸಂ ಅನ್ನೂ ಪಟ್ಟಿಗೆ ಸೇರಿಸಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಶಾಲೆ ಅವನಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದೇ ಹೇಳುತ್ತದೆ.

"ದುಡ್ಡೆಲ್ಲಿಂದ ತರೋಣ?" ಗುಳ್ಳೆ ಏಳುವ ಬಣ್ಣದ ದೀಪಗಳ 'ಸೆನ್ಸರಿ ರೂಮ್' ಮಾರಿಕೊಂಡು ಬರುವವರನ್ನು ಕಂಡು ಈ ಪ್ರಶ್ನೆ ಕೇಳುತ್ತಿದ್ದರೆ ನಾನೂ ನಿಮ್ಮ ಪಕ್ಷ. ಆ ದುಡ್ಡಿನಲ್ಲಿ ಶಾಲೆಯ ಅಷ್ಟೂ ಕೋಣೆಗಳನ್ನು ಸರಿಪಡಿಸಬಹುದು. ಬೆಂಚಿನ ಕಬ್ಬಿಣದ ಕಾಲಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದರೆ ನೆಲ ಕೆರೆಯುವ ಕಿರುಗುಟ್ಟು ನಿಂತೇಹೋಗುತ್ತದೆ. ಪಟಪಟ ಎನ್ನುವ ಟ್ಯೂಬ್‌ಲೈಟಿನ ಹಾಳಾದ ಚೋಕ್ ಬದಲಿಸಿ. ಪ್ರಾರ್ಥನೆಯ ಮೈಕಿನ ವಾಲ್ಯೂಮ್ ತಗ್ಗಿಸಿ. ಅಂಗಳದಲ್ಲಿ ನಿಂತ ಮಕ್ಕಳಿಗೆ ಊರಿಗೆಲ್ಲ ಕೇಳುವಷ್ಟು ಯಾಕೆ ಬೇಕೋ! ತಗಡಿನ ಮಾಡಿಗೆ ಒಳಚಾವಣಿ ಹಾಕಿಸಲು ಮಾತ್ರ ದುಡ್ಡು ಬೇಕು, ನಿಜ. ಜೋರು ಮಳೆಯಲ್ಲಿ ಅದರಡಿ ಪಾಠ ಯಾರಿಗೂ ಕೇಳುವುದಿಲ್ಲವಾದ್ದರಿಂದ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅದನ್ನು ರಿಪೇರಿಯ ಲೆಕ್ಕಕ್ಕೇ ಸೇರಿಸಲಿ.

ನನಗೆ ಕಷ್ಟವೆನಿಸುವ ಆಕ್ಷೇಪ ಬೇರೆ: "ಬಣ್ಣ, ಚಿತ್ರ ತೆಗೆದುಬಿಟ್ಟರೆ ಶಾಲೆ ಮತ್ತೆ ಹಳೇ ಕೊಟ್ಟಿಗೆಯಾಗುತ್ತದೆ." 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಕಲಿಕಾ ಪದ್ಧತಿ ಮಕ್ಕಳ ಕೈಕೆಲಸವನ್ನು ತಲೆಯ ಮೇಲಿನ ಚಪ್ಪರದಲ್ಲಿ ತೂಗುಹಾಕಿತು. ಅದು ದೊಡ್ಡ ಬದಲಾವಣೆ, ಬಿಟ್ಟುಕೊಡುವಂಥದ್ದಲ್ಲ. ಆದರೆ 2014ರಲ್ಲಿ ಅಮೆರಿಕದ ಸಂಶೋಧಕರು ಶಿಶುವಿಹಾರದ ಪುಟ್ಟ ಗುಂಪೊಂದಕ್ಕೆ ಅಲಂಕರಿಸಿದ ಕೋಣೆಯಲ್ಲೂ ಬರಿಗೋಡೆಯ ಕೋಣೆಯಲ್ಲೂ ಪಾಠ ಮಾಡಿಸಿದಾಗ, ಅಲಂಕಾರವಿದ್ದಲ್ಲಿ ಗಮನ ಹೆಚ್ಚು ಚೆದುರಿತು, ಕಲಿಕೆ ತಗ್ಗಿತು. ಚಪ್ಪರ ಇರಲಿ, ಮುಗಿದ ಪಾಠದ ಕಾಗದ ಇಳಿಯಲಿ. ಕರಿಹಲಗೆಯಿರುವ ಗೋಡೆಯೊಂದನ್ನು ಖಾಲಿ ಬಿಡಿ. ಹೊರಗೋಡೆಗೆ ರೈಲು ಬೋಗಿಯಂತೆ ಬಣ್ಣ ಬಳಿದುಕೊಳ್ಳಿ, ನನ್ನ ತಕರಾರಿಲ್ಲ.

ಕೊನೆಯದು: "ಸುಮ್ಮನೆ ಕೂರಲು ಮೂಲೆ ಕೊಟ್ಟರೆ ಲೆಕ್ಕ ತಪ್ಪಿಸಿಕೊಳ್ಳಲು ಅದೇ ನೆವ." ಕೆಲವರು ತಪ್ಪಿಸಿಕೊಳ್ಳುತ್ತಾರೆ. ಒಂದಕ್ಕೆ ಹೋಗುತ್ತೇನೆಂದು ಸುಳ್ಳು ಹೇಳುವವರೂ ಇದ್ದಾರೆ, ಅದಕ್ಕಾಗಿ ಶೌಚಾಲಯಕ್ಕೆ ಬೀಗ ಜಡಿಯುತ್ತೇವೆಯೇ? ಮೂಲೆಯ ಚಾಪೆಗೆ ಹೋಗುವ ಮುಂಚೆ ಟೀಚರಿಗೊಂದು ಕೈಸನ್ನೆ, ಎದ್ದು ಬಂದ ಮೇಲೆ ಬಿಟ್ಟ ಲೆಕ್ಕ ಮುಗಿಸುವುದು: ಇಷ್ಟು ನಿಯಮ ಸಾಕು.